ಹಳೇಪ್ಯಾಟಿಯ ಸುರಂಗ ನಂಬರ್ ಒಂದು

ಗಚ್ಚಿನಹಾಳದ ಹಳೇಪ್ಯಾಟಿ ಪುರಾತನವಾದದ್ದು ಎಂಬ ಸಂಗತಿಯನ್ನು ಫಸಲಿ ಶಕ ೧೩೫೨ನೆಯ ಸಾಲಿನವರೆಗೆ ಹೈದರಾಬಾದಿನ ಸರಕಾರವು ಮಂಜೂರು ಮಾಡಿರಲಿಲ್ಲ. ಅಲ್ಲಿಯವರೆಗೆ ಅದು ಬರೀ ಹಳೆಯದಾಗಿತ್ತು. ಕುಷ್ಟಗಿಯಿಂದ ಯಲಬುರ್ಗಾಕ್ಕೆ ಹೋಗುವ ಗಾಡಿದಾರಿಯ ಮೇಲೆ, ಊರಿನ ನಟ್ಟನಡುವೆ, ನೂರಿಪ್ಪತ್ತು ಮಣ್ಣಿನ ಮಾಳಿಗೆ ಮನೆಗಳಿದ್ದ ಆ ಓಣಿಗಳಲ್ಲಿ ಜನ ಹುಟ್ಟುತ್ತಿದ್ದರು, ರೊಟ್ಟಿ ತಿನ್ನುತ್ತಿದ್ದರು, ಜಗಳಾಡುತ್ತಿದ್ದರು, ಸಾಯುತ್ತಿದ್ದರು. ತಾವು ಇತಿಹಾಸದೊಳಗೆ ವಾಸವಾಗಿದ್ದೇವೆ ಎಂಬ ತಿಳಿವಳಿಕೆ ಅವರಿಗೆ ಇರಲಿಲ್ಲ. ಅದನ್ನು ಮೂಡಿಸುವುದಕ್ಕಾಗಿ ಆ ಸಾಲಿನಲ್ಲಿ ‘ಹಳೇಪ್ಯಾಟಿ ದರ್ಶನ ದಫ್ತರ’ ಎಂಬ ಹೊಸ ಕಚೇರಿಯನ್ನು ತೆರೆಯಲಾಯಿತು.

ಕಚೇರಿಯ ಮೇಲ್ವಿಚಾರಣೆಗೆ ಒಬ್ಬ ಮೊಹತಮೀಮ ಸಾಹೇಬರು, ಅವರ ಕೈಕೆಳಗೆ ಒಬ್ಬ ಗುಮಾಸ್ತ, ಗುಮಾಸ್ತನ ಕೈಕೆಳಗೆ ಒಬ್ಬ ಜವಾನ. ಗುಮಾಸ್ತನ ಹೆಸರು ಉಮಾಪತಿ, ಜವಾನನ ಹೆಸರು ಮದಾರಸಾಬ. ಕೂಡ್ರಲು ಒಂದು ಬೆಂಚು ಬೇಕಾಗಿತ್ತು. ಅದನ್ನು ಜೋಳದ ವ್ಯಾಪಾರಿ ದೊಡ್ಡಬಸಪ್ಪ ಸಾಹುಕಾರರು ಕೊಟ್ಟರು. ಬೆಂಚು ಅವರದೆಂಬ ಕಾರಣಕ್ಕೆ ಅವರನ್ನು ಗೌರವ ಸದಸ್ಯರನ್ನಾಗಿ ಮಾಡಲಾಯಿತು.

ಉಮಾಪತಿ ಹಳೇಪ್ಯಾಟಿಯಲ್ಲೇ ಹುಟ್ಟಿದವನು. ಉರ್ದು ಚೆನ್ನಾಗಿ ಬರೆಯುತ್ತಿದ್ದ, ಅಕ್ಷರ ಮುತ್ತಿನಂತಿತ್ತು, ನೌಕರಿ ಮಾತ್ರ ಹಂಗಾಮಿಯಾಗಿತ್ತು. ಅವನ ತಾಯಿ ಅನ್ನಮ್ಮ ಮಗ ಸರಕಾರಿ ಮನುಷ್ಯನಾದನೆಂದು ಬಾವಿಕಟ್ಟೆಯಲ್ಲಿ ಸಾರಿಬಿಟ್ಟಿದ್ದಳು. ಹೆಣ್ಣು ಕೊಡುತ್ತೇವೆಂದಿದ್ದ ಕುಷ್ಟಗಿಯ ಬೀಗರು ‘ಕಾಯಂ ಆದ ಮ್ಯಾಲ ಮಾತಾಡೂಣು’ ಎಂದು ಹೇಳಿ ಹೋಗಿದ್ದರು. ಆದ್ದರಿಂದ ಉಮಾಪತಿಗೆ ಇತಿಹಾಸದ ಬಗ್ಗೆ ಅಪಾರವಾದ ಶ್ರದ್ಧೆ ಹುಟ್ಟಿತ್ತು.

ದಫ್ತರದ ನಾಲ್ಕನೆಯ ಕಲಮು ಹೀಗೆ ಹೇಳುತ್ತಿತ್ತು: ‘ಯಾವ ಪ್ಯಾಟಿಯಲ್ಲಿ ನೋಡತಕ್ಕ ಸ್ಥಳಗಳು ಹತ್ತು ಇರುತ್ತವೆಯೋ ಅದು ಅವ್ವಲ್ ದರ್ಜೆಯ ಪುರಾತನ ಪ್ಯಾಟಿ. ಹತ್ತಕ್ಕೆ ಕಡಿಮೆ ಇದ್ದಲ್ಲಿ ಅದು ಪುರಾತನವಲ್ಲ, ಬರೀ ದುರಸ್ತಿಗೆ ಬಂದದ್ದು. ಅಲ್ಲಿಯ ದಫ್ತರು ಬರಖಾಸ್ತು.’ ಹೈದರಾಬಾದಿನಿಂದ ದೊಡ್ಡಸಾಹೇಬರು ಖುದ್ದಾಗಿ ಬಂದು ಎಣಿಸಲಿದ್ದರು.

ಉಮಾಪತಿ ಮೂರು ತಿಂಗಳು ಓಣಿ ಓಣಿ ತಿರುಗಿ ಒಂಬತ್ತು ಸ್ಥಳಗಳನ್ನು ಹುಡುಕಿದನು. ಊರ ಅಗಸಿಯ ಬಾಗಿಲನ್ನು ಅಜ್ಜನ ಕಾಲದಲ್ಲೇ ದೊಡ್ಡಬಸಪ್ಪನವರ ಮನೆಯವರು ಕಿತ್ತು ಹಿತ್ತಲಿಗೆ ಹಾಕಿಕೊಂಡಿದ್ದರಿಂದ, ಅದನ್ನು ‘ಅಗಸಿ ಇದ್ದ ಜಾಗ’ ಎಂದು ಬರೆದುಕೊಳ್ಳಲಾಯಿತು. ಒಂದು ಬೇವಿನ ಮರದ ಕೆಳಗೆ ಯಾವನೋ ರಾಜ ಕುದುರೆಗೆ ನೀರು ಕುಡಿಸಿದ್ದನು. ಆ ಮರ ನೆಟ್ಟವನು ಇನ್ನೂ ಬದುಕಿದ್ದನು, ಅವನಿಗೆ ಸುಮ್ಮನಿರಲು ತಾಕೀತು ಮಾಡಲಾಯಿತು. ಎಮ್ಮೆ ಕಟ್ಟುವ ಒಂದು ಕಲ್ಲಿನ ಮೇಲೆ ಬಳ್ಳಿಯಂಥದೇನೋ ಕೆತ್ತಿದ್ದಿತು. ಇಟಗಿಯ ಮಹಾದೇವ ದೇವಾಲಯ ಕಟ್ಟುವಾಗ ಉಳಿದ ಕಲ್ಲು ಅದೆಂದು ಮೊಹತಮೀಮ ಸಾಹೇಬರು ಮೇಜಿನ ಹಿಂದೆ ಕುಳಿತೇ ಕಂಡುಹಿಡಿದರು. ಹೀಗೆ ಒಂಬತ್ತಾದವು, ಹತ್ತನೆಯದು ಮಾತ್ರ ಹುಟ್ಟಲಿಲ್ಲ.

“ಸುರಂಗ ಇಲ್ಲದ ಹಳೇಪ್ಯಾಟಿ ಎಂಥ ಹಳೇಪ್ಯಾಟಿ?” ಎಂದರು ಮೊಹತಮೀಮರು. “ಎಲ್ಲಾ ಊರಾಗೂ ಒಂದು ಸುರಂಗ ಇರ್ತೈತಿ. ಇಲ್ಲೂ ಇರಬೇಕು, ನೀವು ಹುಡುಕಿಲ್ಲ.”

“ಸುರಂಗಂದ್ರ ಎಲ್ಲಿಗೆ ಹೋಗೂದ್ರಿ?” ಎಂದು ಉಮಾಪತಿ ಕೇಳಿದನು.

“ಇಟಗಿಗೆ ಹೋಗಲಿ. ದೂರ ಇದ್ದಷ್ಟೂ ಛಲೋ. ಯಾರೂ ಒಳಗ ಹೋಗಿ ನೋಡಿ ಬರಾಂಗಿಲ್ಲ.”

ಹಳೇಪ್ಯಾಟಿಯಲ್ಲಿ ನೆಲದೊಳಗೆ ಇದ್ದ ವಸ್ತು ಒಂದೇ: ಹಗೇವು. ಗಟ್ಟಿನೆಲದಲ್ಲಿ ಆಳುದ್ದ ತೋಡಿದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ದೊಡ್ಡದು. ಸುತ್ತ ಜೋಳದ ದಂಟಿನ ಕಣಿಕೆ ಹಾಸಿ, ಸುಗ್ಗಿಯ ಜೋಳ ತುಂಬಿ, ಬಾಯಿಗೆ ಬಂಡೆ ಎಳೆದು ಮಣ್ಣು ಮುಚ್ಚಿದರೆ ಎರಡು ವರ್ಷ ಹುಳ ಮುಟ್ಟುವುದಿಲ್ಲ. ಮೇಲೆ ದನ ನಡೆಯುತ್ತವೆ, ಗಾಡಿ ಹೋಗುತ್ತವೆ. ಹಳೇಪ್ಯಾಟಿಯಲ್ಲಿ ಇಂಥವು ನಲವತ್ತೆರಡು ಇದ್ದವು. ಕುರುಡನೂ ಕಾಲಿನಿಂದ ಸದ್ದು ಕೇಳಿ ಇದು ಇಂಥವರ ಹಗೇವು ಎಂದು ಹೇಳುತ್ತಿದ್ದನು. ಉಮಾಪತಿ ಕುರುಡನಾಗಿರಲಿಲ್ಲ. ಎಲ್ಲಕ್ಕೂ ದೊಡ್ಡ ಮೂರು ಹಗೇವುಗಳು ದೊಡ್ಡಬಸಪ್ಪನವರವು ಎಂಬುದು ಅವನಿಗೆ ಗೊತ್ತಿತ್ತು. ಅವರು ಗೌರವ ಸದಸ್ಯರೆಂಬುದೂ ಗೊತ್ತಿತ್ತು. ಆದ್ದರಿಂದ ಅವನು ಹುಲಿಗವ್ವನ ಹಗೇವನ್ನು ಆರಿಸಿದನು.

ಹುಲಿಗವ್ವ ಅವನ ಮನೆಯಿಂದ ನಾಲ್ಕನೆಯ ಮನೆಯವಳು, ಗಂಡ ಸತ್ತವಳು. ಕೊಯ್ಲಿಗೆ, ರಾಶಿಗೆ ಹೋಗಿ ಕೂಲಿಯಾಗಿ ಬಂದ ಕಾಳನ್ನು ಎರಡು ಸುಗ್ಗಿ ಕೂಡಿಸಿ ಎಂಟು ಚೀಲ ಮಾಡಿ ಹಗೇವಿನಲ್ಲಿ ಹಾಕಿದ್ದಳು. ಮಗಳು ಪಕ್ಕೀರವ್ವ ಚೊಚ್ಚಿಲ ಬಸುರಿ, ಹಡೆಯಲು ತವರಿಗೆ ಬರುವವಳಿದ್ದಳು. ಮುಂದಿನ ಸುಗ್ಗಿಯ ತನಕ ತಾಯಿ, ಮಗಳು, ಕೂಸು ಈ ಮೂವರ ಹೊಟ್ಟೆಗೆ ಇದ್ದದ್ದು ಆ ಎಂಟು ಚೀಲ ಜೋಳ, ಅಷ್ಟೇ.

ದೊಡ್ಡಸಾಹೇಬರು ಬಂದರು. ಅವರು ಹಗೇವು ಎಂಬುದನ್ನು ಜನ್ಮದಲ್ಲಿ ಕಂಡಿರಲಿಲ್ಲ. ಜೋಳ ಅಂಗಡಿಯಲ್ಲಿ ಹುಟ್ಟುತ್ತದೆಂದು ನಂಬಿದವರು. ಬಂಡೆಯ ಮೇಲೆ ನಿಂತು ಬೂಟುಗಾಲಿನಿಂದ ಎರಡು ಸಲ ತುಳಿದರು. ಕೆಳಗಿನಿಂದ ಧಬ್ ಧಬ್ ಎಂದು ಸದ್ದು ಬಂದಿತು. “ಟೊಳ್ಳು ಇದೆ,” ಎಂದು ಉರ್ದುವಿನಲ್ಲಿ ಹೇಳಿದರು. ಸುತ್ತ ನಿಂತ ನೂರು ಮಂದಿ ಹಳೇಪ್ಯಾಟಿಯವರು ತಲೆಯಾಡಿಸಿದರು. ಟೊಳ್ಳು ಇದ್ದದ್ದು ಸುಳ್ಳಲ್ಲವಲ್ಲ. ಆ ಹೊತ್ತಿನಲ್ಲಿ ಹುಲಿಗವ್ವ ಹೊಲದಲ್ಲಿ ಕಳೆ ಕೀಳುತ್ತಿದ್ದಳು.

ಹತ್ತು ಸ್ಥಳ ಪೂರ್ತಿಯಾದವು. ಬಂಡೆಯ ಸುತ್ತ ದಾರ ಬಿಗಿದು ಅರಗಿನ ಮೊಹರು ಒತ್ತಿದರು. ಮದಾರಸಾಬ ಒಂದು ಹಲಗೆ ನೆಟ್ಟನು: ‘ಸುರಂಗ ನಂಬರ್ ಒಂದು. ಚಾಲುಕ್ಯರ ಕಾಲದ್ದು. ಇಲ್ಲಿಂದ ಇಟಗಿಗೆ. ಮೊಹರು ಒಡೆದವರಿಗೆ ಆರು ತಿಂಗಳ ಸಜಾ.’

ನಾಲ್ಕನೆಯ ದಿನ ಹುಲಿಗವ್ವ ಕಚೇರಿಗೆ ಬಂದು ಹೊಸ್ತಿಲ ಹೊರಗೆ ಕೂತಳು. ಮೊಹತಮೀಮರು ಊಟಕ್ಕೆ ಹೋಗಿದ್ದರು. ಅವರು ಬಹಳ ಹೊತ್ತು ಊಟ ಮಾಡುತ್ತಿದ್ದರು.

“ಯಪ್ಪಾ ಉಮಾಪತಿ, ನನ್ನ ಹಗೇವಿಗೆ ಅರಗು ಬಡದೀರಂತ. ಬರೂ ಮಂಗಳಾರ ತಗೀಬೇಕಂತ ಮಾಡಿದ್ದೆ. ಮನ್ಯಾಗ ಗಡಿಗ್ಯಾಗಿನ ಜ್ವಾಳ ಮುಗದಾವು.”

“ಅದು ಹಗೇವು ಅಲ್ಲ ಹುಲಿಗವ್ವ, ಸುರಂಗ ಐತಿ.”

“ಯಾವಾಗಿಂದ?”

“ಚಾಲುಕ್ಯರ ಕಾಲದಿಂದ. ಹುಕುಮು ಮಾತ್ರ ಸೋಮವಾರ ಬಂತು.”

ಹುಲಿಗವ್ವ ಹೊಸ್ತಿಲಿಗೆ ಇನ್ನಷ್ಟು ಹತ್ತಿರ ಸರಿದಳು. “ಅದನ್ನ ನಾನೂ ನನ್ನ ಗಂಡ ಓಬಳೆಪ್ಪನೂ ಅಗದೀವಿ. ನಾ ಬುಟ್ಟಿ ಹೊತ್ತೀನಿ, ಅವ ಹಾರಿ ಹಾಕ್ಯಾನ. ನೀ ಆಗ ಅಂಗಿ ಇಲ್ಲದ ಬಂದು ಮಣ್ಣಾಗ ಆಡತಿದ್ದಿ. ನಿನಗ ಗೊತ್ತಿಲ್ಲದ್ದೇನ ಐತಿ ಅದರಾಗ?”

ಉಮಾಪತಿಗೆ ನಾಚಿಕೆಯಾಯಿತು. ಆದರೆ ನಾಚಿಕೆಗೆ ಕಾನೂನಿನಲ್ಲಿ ಕಲಮು ಇರಲಿಲ್ಲ, ಹಾಗಾಗಿ ಅವನು ಇದ್ದ ಕಲಮುಗಳನ್ನೇ ಹೇಳಿದನು. “ನೋಡ್ ಬೇ, ಸಮಾಧಾನದಿಂದ ಕೇಳು. ಸುರಂಗದಾಗ ಜ್ವಾಳ ಇರಾಂಗಿಲ್ಲ. ಜ್ವಾಳ ಅದಾವಂದ್ರ ಅದು ಸುರಂಗ ಅಲ್ಲ. ಸುರಂಗ ಅಲ್ಲಂದ್ರ ಹಗೇವು. ಹಗೇವು ಅಂದ್ರ ಸರಕಾರಕ್ಕ ಜ್ವಾಳ ವಸೂಲಿ ಮಾಡೂ ಲೆವಿಯವರ ಮುಂದ ಬರಸಬೇಕಿತ್ತು, ನೀ ಬರಸಿಲ್ಲ. ಬರಸದ ಜ್ವಾಳ ಎಲ್ಲಾ ಜಪ್ತಿ. ಸುರಂಗ ಅಂತ ಇರೂದ ನಿನಗ ಛಲೋ.”

“ಹಂಗಾರ ನಾ ಏನ ತಿನ್ಲಿ?”

“ಅರ್ಜಿ ಕೊಡು.”

ಅರ್ಜಿಯನ್ನು ಉಮಾಪತಿಯೇ ಬರೆದನು, ಒಂದು ಆಣೆಯನ್ನೂ ಕೇಳದೆ. ತನ್ನ ಆ ಔದಾರ್ಯಕ್ಕೆ ಅವನ ಕಣ್ಣು ತೇವವಾದವು. ‘ಸುರಂಗ ನಂಬರ್ ಒಂದರಲ್ಲಿ ನನ್ನ ಎಂಟು ಚೀಲ ಜೋಳ ಇದ್ದು, ಅದನ್ನು ತೆಗೆದುಕೊಳ್ಳಲು ಅಪ್ಪಣೆಯಾಗಬೇಕು’ ಎಂದು ಮುತ್ತಿನಂಥ ಉರ್ದುವಿನಲ್ಲಿ ಬರೆದು, ಹುಲಿಗವ್ವನ ಎಡಗೈ ಹೆಬ್ಬೆಟ್ಟು ಒತ್ತಿಸಿ, ಫೈಲಿಗೆ ಹಾಕಿ ಕಟ್ಟಿದನು. ಆ ದಿನದಿಂದ ಹುಲಿಗವ್ವ ದಿನಾ ಸಂಜೆ ಅನ್ನಮ್ಮನ ಮನೆಗೆ ಬಂದು ಒಂದು ಬೊಗಸೆ ಹಿಟ್ಟು ಕೇಳಿ ಒಯ್ಯತೊಡಗಿದಳು.

ಆ ವರ್ಷ ಯುದ್ಧದ ಕಾಲ. ಸರಕಾರಕ್ಕೆ ಜೋಳ ಬೇಕಾಗಿತ್ತು. ಲೆವಿಯವರು ಕಬ್ಬಿಣದ ಹಾರೆ ಹಿಡಿದು ಊರೂರು ತಿರುಗಿ, ನೆಲ ಕುಟ್ಟಿ, ಟೊಳ್ಳು ಸದ್ದು ಬಂದಲ್ಲಿ ಅಗೆಸುತ್ತಿದ್ದರು. ಕನಕಗಿರಿ ಕಡೆ ಹಗೇವು ಒಂದೂ ಉಳಿದಿಲ್ಲ ಎಂಬ ಸುದ್ದಿ ಬಂದಿತು. ಅವರು ಹಳೇಪ್ಯಾಟಿಗೂ ಬಂದರು. ಹುಲಿಗವ್ವನ ಮನೆಯ ಮುಂದೆ ಹಲಗೆ ಓದಿ, ಅರಗಿನ ಮೊಹರು ನೋಡಿ, ಬೂಟು ಕಳಚಿ ಪಕ್ಕದಿಂದ ಹಾದುಹೋದರು. ಕತ್ತಲಾಗಿದೆ, ನಾಡಿದ್ದು ಬಂದು ಉಳಿದ ಓಣಿ ನೋಡುತ್ತೇವೆಂದು ಹೇಳಿ ಬಿಡಾರಕ್ಕೆ ಮರಳಿದರು. ಇದನ್ನು ದೊಡ್ಡಬಸಪ್ಪ ಸಾಹುಕಾರರು ತಮ್ಮ ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತ ನೋಡಿದರು. ಅವರ ಬಾಯಿ ಅರ್ಧಕ್ಕೆ ನಿಂತಿತು.

ಮರುದಿನ ಹೊತ್ತು ಮೂಡುವ ಮೊದಲೇ ಅವರು ಬೆಂಚಿನ ಮೇಲೆ ಇದ್ದರು.

“ಉಮಾಪತಿಯವರ,” ಎಂದರು. ಅವರು ಅವನಿಗೆ ‘ಅವರ’ ಎಂದದ್ದು ಅದೇ ಮೊದಲು. “ನಮ್ಮ ಮನಿ ಮುಂದನೂ ಸುರಂಗ ಇದ್ದಂಗ ಐತಿ ನೋಡ್ರಿ. ರಾತ್ರಿ ಮಕ್ಕೊಂಡಾಗ ಕೆಳಗ ಏನೋ ಓಡಾಡಿದಂಗ ಆಗ್ತೈತಿ.”

“ಇಲಿ ಇರಬೇಕ್ರಿ.”

“ಚಾಲುಕ್ಯರು ಇರಬೇಕ್ರಿ,” ಎಂದು ಸಾಹುಕಾರರು ಗಂಭೀರವಾಗಿ ಹೇಳಿದರು. “ಮೊಹತಮೀಮ ಸಾಹೇಬ್ರಿಗೆ ಹೇಳೀನಿ. ಅವರಿಗೂ ಹಂಗ ಅನಿಸೈತಿ.”

ಮೊಹತಮೀಮರಿಗೆ ಹಾಗೆ ಅನಿಸಿದ ಹೊತ್ತಿನಿಂದ ಅವರ ಮನೆಯ ಅಡಿಗೆಗೆ ತುಪ್ಪ ಸಾಹುಕಾರರ ಮನೆಯಿಂದ ಹೋಗತೊಡಗಿತ್ತು. ಮಧ್ಯಾಹ್ನದೊಳಗೆ ದೊಡ್ಡಬಸಪ್ಪನವರ ಮೂರು ಹಗೇವುಗಳಿಗೆ ಮೊಹರು ಬಿದ್ದಿತು. ಎಲ್ಲವೂ ಇಟಗಿಗೇ ಹೋದರೆ ಇಟಗಿಯಲ್ಲಿ ಜಾಗ ಸಾಲದೆಂಬ ವಿಚಾರ ಬಂದು, ಒಂದನ್ನು ಆನೆಗೊಂದಿಗೂ ಇನ್ನೊಂದನ್ನು ಕನಕಗಿರಿಗೂ ತಿರುಗಿಸಲಾಯಿತು. ಕನಕಗಿರಿಯಲ್ಲಿ ಸಾಹುಕಾರರ ಬೀಗರಿದ್ದರು. ಸಂಜೆಯವರೆಗೆ ಹಗೇವು ಇದ್ದವರೆಲ್ಲ ತುಪ್ಪ, ಹೆಸರು, ಕೋಳಿ, ಯಾರಲ್ಲಿ ಏನಿತ್ತೋ ಅದನ್ನು ಹಿಡಿದು ಸಾಲುಗಟ್ಟಿ ನಿಂತರು. ಅವರವರ ಕಾಣಿಕೆಯ ತೂಕಕ್ಕೆ ತಕ್ಕಂತೆ ಸುರಂಗದ ಉದ್ದ ಗೊತ್ತಾಯಿತು. ಬರಿಗೈಯಲ್ಲಿ ಬಂದ ಒಬ್ಬನಿಗೆ ಪಕ್ಕದ ಓಣಿಯವರೆಗೆ ಹೋಗುವ ಸುರಂಗ ಸಿಕ್ಕಿತು. ಉಮಾಪತಿ ಕೈ ಸೋಲುವ ತನಕ ಬರೆದನು. ಅರಗು ಸಾಲದೆ ಮದಾರಸಾಬ ಬಳೆಗಾರರ ಓಣಿಗೆ ಹೋಗಿ ತಂದನು.

“ಮಾಲೀಕ್, ಈ ಸುರಂಗ ಎಲ್ಲಾ ಖರೇನ ಇದ್ದಿದ್ರ ಊರ ಕುಸದ ಹೋಗತಿತ್ರಿ,” ಎಂದನು ಮದಾರಸಾಬ, ಅರಗು ಕಾಯಿಸುತ್ತ.

“ಅದು ನಮ್ಮ ಖಾತೆಗೆ ಬರೂದಿಲ್ಲ,” ಎಂದನು ಉಮಾಪತಿ.

ಲೆವಿಯವರು ಮರಳಿ ಬಂದಾಗ ಹಳೇಪ್ಯಾಟಿಯಲ್ಲಿ ಹಗೇವು ಎಂಬ ವಸ್ತುವೇ ಇರಲಿಲ್ಲ. ನಲವತ್ತೆರಡು ಸುರಂಗಗಳಿದ್ದವು. ಈ ಜನ ನೆಲದ ಮೇಲೆ ಯಾವಾಗ ಬದುಕುತ್ತಿದ್ದರು ಎಂದು ಲೆವಿಯ ಅಧಿಕಾರಿಗೂ ಸೋಜಿಗವಾಯಿತು. ಆದರೆ ಅವರ ಕಾಗದದಲ್ಲಿ ‘ಗಚ್ಚಿನಹಾಳ ಹಳೇಪ್ಯಾಟಿ: ಜೋಳ’ ಎಂಬ ಅಂಕಣ ಖಾಲಿ ಇತ್ತು, ಅದನ್ನು ಖಾಲಿ ಬಿಟ್ಟು ಹೋಗುವಂತಿರಲಿಲ್ಲ. ಅವರು ಮೊಹತಮೀಮರಿಗೆ ತಿಳಿಸಿದರು: ಎಷ್ಟಾದರೂ ಆಗಲಿ, ಕೊಡಿ, ಇಲ್ಲದಿದ್ದರೆ ಎಲ್ಲ ಮೊಹರು ಒಡೆದು ನೋಡಬೇಕಾಗುತ್ತದೆ.

ಆ ಸಂಜೆ ಬೆಂಚಿನ ಮೇಲೆ ಜರೂರು ಸಭೆ ನಡೆಯಿತು. ಎಲ್ಲ ಮೊಹರು ಒಡೆದರೆ ಇತಿಹಾಸಕ್ಕೆ ಅಪಚಾರವಾಗುತ್ತದೆಂದು ದೊಡ್ಡಬಸಪ್ಪನವರು ಕಣ್ಣೊರೆಸಿಕೊಂಡರು. ಆಮೇಲೆ ಸಹಜವಾಗಿ ಕೇಳಿದರು:

“ಯಾವುದರಾಗರ ಜ್ವಾಳ ಅದಾವಂತ ದಫ್ತರದಾಗ ಲಿಖಿತ ಸಾಕ್ಷಿ ಏನರ ಐತೇನ್ರಿ?”

ಸಾಕ್ಷಿ ಇತ್ತು. ಒಂದೇ ಇತ್ತು. ಕೆಂಪು ದಾರದ ಫೈಲಿನಲ್ಲಿ, ಮುತ್ತಿನಂಥ ಅಕ್ಷರದಲ್ಲಿ, ಹೆಬ್ಬೆಟ್ಟಿನ ಗುರುತಿನ ಸಮೇತ.

ಉಮಾಪತಿಯ ಕೈ ಫೈಲಿನ ಮೇಲೆಯೇ ಇದ್ದಿತು. ಇಲ್ಲ ಎಂದಿದ್ದರೆ ಆಗುತ್ತಿತ್ತು, ಒಂದು ಕಾಗದ ಹರಿದು ಒಲೆಗೆ ಹಾಕಿದ್ದರೂ ಆಗುತ್ತಿತ್ತು. ಹುಲಿಗವ್ವನ ಮುಖ ಅವನಿಗೆ ನೆನಪಾಯಿತು. ಕುಷ್ಟಗಿಯ ಬೀಗರ ಮುಖವೂ ನೆನಪಾಯಿತು. “ಕಾಯಂ ಮಾಡೂ ಕಾಗದ ಹೈದರಾಬಾದಿಗೆ ನಾಳೆ ಕಳಸೂದೈತಿ,” ಎಂದು ಮೊಹತಮೀಮರು ಹಲ್ಲು ಚುಚ್ಚಿಕೊಳ್ಳುತ್ತ ಗೋಡೆಗೆ ಹೇಳಿದರು. ಅವನು ಫೈಲು ಬಿಚ್ಚಿ ಕೊಟ್ಟನು. ಇದಕ್ಕಿಂತ ಹೇಸಿಗೆಯ ಕೆಲಸವನ್ನು ಆ ಕೈ ಅದುವರೆಗೆ ಮಾಡಿರಲಿಲ್ಲ.

ಹೊಸ ಹುಕುಮು ಹೊರಟಿತು: ‘ಸುರಂಗ ನಂಬರ್ ಒಂದು, ಮಾಲಕಿಯ ಸ್ವಂತ ಕಬೂಲಿಯ ಮೇರೆಗೆ, ಎರಡು ದಿನಗಳ ಮಟ್ಟಿಗೆ ಹಗೇವು ಎಂದು ತಿಳಿಯತಕ್ಕದ್ದು. ಒಳಗಿನ ಜೋಳ ಬರೆಸದೇ ಇಟ್ಟದ್ದಾದ್ದರಿಂದ ಪೂರ್ತಿ ಜಪ್ತಿ. ಜೋಳ ತೆಗೆದ ನಂತರ ಸದರಿ ಸ್ಥಳವು ಮೊದಲಿನಂತೆ ಸುರಂಗವಾಗತಕ್ಕದ್ದು.’

ಬಂಡೆ ಸರಿಸಿದರು. ಆದರೆ ಹಗೇವಿನ ಗಾಳಿ ಕೆಟ್ಟದ್ದು. ಒಂದು ದಿನ ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಇಳಿಯಬೇಕು. ಲೆವಿಯವರ ಕೂಲಿಗಳು ಇಳಿಯಲು ಒಪ್ಪಲಿಲ್ಲ. ಸರಕಾರದ ಕಡೆಯವರಲ್ಲಿ ಆ ಧೈರ್ಯ ಇದ್ದವರು ಒಬ್ಬರೂ ಸಿಗಲಿಲ್ಲ. ಕೊನೆಗೆ ಹುಲಿಗವ್ವನನ್ನೇ ಕರೆಸಿದರು. ಅವಳು ಸೀರೆ ಕಚ್ಚೆ ಹಾಕಿ, ದೀಪ ಇಳಿಬಿಟ್ಟು ನೋಡಿ, ತಾನೇ ಇಳಿದಳು. ತನ್ನ ಜೋಳವನ್ನು ತಾನೇ ಬುಟ್ಟಿಗೆ ತುಂಬಿ ಮೇಲೆ ಎತ್ತಿ ಕೊಟ್ಟಳು. ಬುಡದ ಕಾಳು ಸ್ವಲ್ಪ ಮುಗ್ಗಿದ್ದವು. ಅದಕ್ಕೆ ಅಧಿಕಾರಿ ಅವಳನ್ನು ಬೈದರು. ಅವಳು ಅಳಲಿಲ್ಲ. ಎಂಟನೆಯ ಚೀಲ ಹೊಲಿಯುವಾಗ ಮಾತ್ರ ಕೇಳಿದಳು:

“ಉಮಾಪತಿ, ನನ್ನ ಅರ್ಜಿ ಏನಾತಪಾ?”

“ಅದರ ಮ್ಯಾಲನ ಹುಕುಮಾಗೈತಿ, ಬೇ.”

ಅಂದು ಅನ್ನಮ್ಮ ಮಗನಿಗೆ ತಾಟು ಇಟ್ಟು ಎದುರಿಗೆ ಕೂತಳು. “ನಿನ್ನಪ್ಪ ಸತ್ತ ವರ್ಷ ಆಕಿ ಹಗೇವಿನ ಜ್ವಾಳ ತಂದು ನಿನಗ ರೊಟ್ಟಿ ಮಾಡಿ ಹಾಕೀನಿ. ನೆನಪೈತಿಲ್ಲೋ?”

“ಅದು ಸುರಂಗ ಆಗಿತ್ತವ್ವ,” ಎಂದನು ಉಮಾಪತಿ, ರೊಟ್ಟಿ ಮುರಿಯುತ್ತ. ಅನ್ನಮ್ಮ ಎದ್ದು ಒಳಗೆ ಹೋದಳು. ಆ ಸಂಜೆಯಿಂದ ಹುಲಿಗವ್ವನಿಗೆ ಬೊಗಸೆಯ ಬದಲು ಒಂದು ಮೊರ ಹಿಟ್ಟು ಕೊಡತೊಡಗಿದಳು. ಮಗ ಕಾಯಂ ಆದ ಸುದ್ದಿ ಬಂದ ದಿನ ಅವಳು ಬಾವಿಕಟ್ಟೆಗೆ ಹೋಗಲಿಲ್ಲ.

ದೊಡ್ಡಸಾಹೇಬರು ಎರಡನೆಯ ಸಲ ಬಂದದ್ದು ಆಮೇಲೆ. ನಲವತ್ತೆರಡು ಸುರಂಗಗಳ ಸುದ್ದಿ ಅವರಿಗೆ ಹೈದರಾಬಾದಿನಲ್ಲಿ ದೊಡ್ಡ ಹೆಸರು ತಂದಿತ್ತು. ಒಂದನ್ನಾದರೂ ತೆರೆದು ತೋರಿಸಿ ಎಂದರು. ನಲವತ್ತೊಂದು ಸುರಂಗಗಳ ಮೊಹರು ಒಡೆಯಲು ಕಾನೂನು ಅಡ್ಡ ಬಂದಿತು. ತೆರೆಯಬಹುದಾದದ್ದು ಒಂದೇ ಉಳಿದಿತ್ತು. ಹುಲಿಗವ್ವನನ್ನು ಕಂದೀಲು ಕೊಟ್ಟು ಒಳಗೆ ಇಳಿಸಿದರು. ದೊಡ್ಡಸಾಹೇಬರು ಬಾಯಿಯ ಬಳಿ ಕುರ್ಚಿ ಹಾಕಿಸಿಕೊಂಡು ಉರ್ದುವಿನಲ್ಲಿ ಕೇಳಿದರು, ಉಮಾಪತಿ ಕನ್ನಡದಲ್ಲಿ ಕೂಗಿ ಹೇಳಿದನು:

“ಹುಲಿಗವ್ವ, ಈ ದಾರಿಲೆ ಯಾವಾಗರ ಏನರ ಹೋಗೈತೇನು, ಅಂತ ಕೇಳ್ತಾರ.”

ಕೆಳಗೆ ಕಂದೀಲಿನ ಬೆಳಕು ಖಾಲಿ ಗೋಡೆಯ ಸುತ್ತ ಒಂದು ಸಲ ತಿರುಗಿತು. ಆಮೇಲೆ ದನಿ ಬಂದಿತು.

“ಹೋಗ್ಯಾವ್ರಿ. ಎಂಟು ಚೀಲ ಜ್ವಾಳ ಹೋಗ್ಯಾವು. ಹೋದವು ಹೊಳ್ಳಿ ಬಂದಿಲ್ಲ.”

ಉಮಾಪತಿ ನೌಕರಿಯಲ್ಲಿ ಮೊದಲ ಸಲ ಒಂದು ಮಾತನ್ನು ಇದ್ದದ್ದು ಇದ್ದ ಹಾಗೆ ತರ್ಜುಮೆ ಮಾಡಿದನು. ಏನಾದರೂ ಆಗಲಿ ಎಂದು ಅವನಿಗೆ ಆ ಗಳಿಗೆಯಲ್ಲಿ ಅನಿಸಿತ್ತು. ಏನೂ ಆಗಲಿಲ್ಲ. ದೊಡ್ಡಸಾಹೇಬರು ಸಂತೋಷದಿಂದ ತೊಡೆ ತಟ್ಟಿ ಬರೆದುಕೊಂಡರು: ‘ಸದರಿ ಸುರಂಗದ ಮೂಲಕ ಹಿಂದೆ ಸೈನ್ಯಕ್ಕೆ ಧಾನ್ಯ ಸಾಗುತ್ತಿದ್ದುದಕ್ಕೆ ಸ್ಥಳೀಯರ ಬಾಯಿಂದ ಬಲವಾದ ಸಾಕ್ಷ್ಯ ದೊರೆಯಿತು.’ ದೊಡ್ಡಬಸಪ್ಪನವರು ಚಪ್ಪಾಳೆ ತಟ್ಟಿದರು. ಸುರಂಗ ಇದ್ದವರೆಲ್ಲರೂ ತಟ್ಟಿದರು.

ಹೋಗುವ ಮೊದಲು ಸಾಹೇಬರು ಒಂದು ಕೊನೆಯ ಹುಕುಮು ಹೊರಡಿಸಿದರು. ಆ ಹೆಂಗಸು ಇನ್ನು ಮುಂದೆ ನೋಡಲು ಬಂದವರಿಗೆಲ್ಲ ಒಳಗೆ ಇಳಿದು ಅದೇ ಮಾತನ್ನು ಅದೇ ದನಿಯಲ್ಲಿ ಹೇಳತಕ್ಕದ್ದು. ಒಂದು ಸಲ ಹೇಳಿದ್ದಕ್ಕೆ ಲೆವಿಯಲ್ಲಿ ಜಮೆಯಾದ ಜೋಳದಿಂದ ಒಂದು ಸೇರು ಕೊಡತಕ್ಕದ್ದು. ಗಚ್ಚಿನಹಾಳದಲ್ಲಿ ಲೆವಿಗೆ ಜಮೆಯಾದದ್ದು ಆ ಎಂಟು ಚೀಲ ಮಾತ್ರ. ಇದು ಬಹಳ ನ್ಯಾಯವಾದ ಏರ್ಪಾಡೆಂದು ಊರವರೆಲ್ಲ ಒಪ್ಪಿದರು. ಪುಕ್ಕಟೆ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆಂದು ದೊಡ್ಡಬಸಪ್ಪನವರು ಅಂದರು.

ತಿಂಗಳ ಕೊನೆಗೆ ಹುಲಿಗವ್ವ ಕಚೇರಿಯ ಹೊಸ್ತಿಲ ಹೊರಗೆ ಬಂದು ಕೂತಳು. ಸೆರಗಿನಲ್ಲಿ ಒಂದು ಸೇರು ಜೋಳ ಇತ್ತು.

“ಯಪ್ಪಾ, ಬರೂ ತಿಂಗಳ ನೋಡಾಕ ಎಷ್ಟು ಮಂದಿ ಬರೂರದಾರ? ಪಕ್ಕೀರವ್ವ ಬಂದಾಳ. ದಿನ ತುಂಬ್ಯಾವು.”

ಉಮಾಪತಿ ಪುಸ್ತಕ ತೆರೆದು ಬೆರಳಿಟ್ಟು ನೋಡಿದನು. “ಹದಿನೇಳು ಮಂದಿ ಬೇ. ಎಲ್ಲಾರೂ ಕೂಡಿ ಒಮ್ಮೆಲೆ ಬರ್ತಾರಂತ.”

“ಕೂಡಿ ಬಂದ್ರ ಒಂದ ಸಲ ಹೇಳಿದಂಗ ಆಗ್ತೈತಿ, ಒಂದ ಸೇರು,” ಎಂದಳು ಹುಲಿಗವ್ವ. ಸ್ವಲ್ಪ ಯೋಚಿಸಿ, ಕಾನೂನು ಬಲ್ಲವಳ ಹಾಗೆ ಮೆಲ್ಲಗೆ ಹೇಳಿದಳು: “ಒಬ್ಬೊಬ್ಬರನ್ನ ಬಿಡು ಅಂತ ಒಂದು ಅರ್ಜಿ ಬರದು ಕೊಡಪಾ.”

ಉಮಾಪತಿ ಲೆಕ್ಕಣಿಕೆ ಎತ್ತಿಕೊಂಡನು. ಅವನು ಕೇಳುವ ಮೊದಲೇ ಹುಲಿಗವ್ವ ಎಡಗೈ ಹೆಬ್ಬೆಟ್ಟನ್ನು ಮುಂದೆ ಚಾಚಿ ಕೂತಳು.